ವಕೀಲರ ಖರ್ಚುಪಟ್ಟಿಯೂ ಕಕ್ಷಿದಾರನ ಗುಟ್ಟೂ

ಕಕ್ಷಿದಾರನು ನಂಬಿ ಆಡಿದ ಮಾತನ್ನು ವಕೀಲನು ಹೊರಗೆಡಹಕೂಡದೆಂಬ ನಿಯಮವು ಸುಪರಿಚಿತವಾದುದು. ಆದರೆ ವಕೀಲನು ಸಲ್ಲಿಸುವ ಖರ್ಚುಪಟ್ಟಿಯೂ ಆ ರಕ್ಷಣೆಗೆ ಒಳಪಡುವುದೇ? ಆ ಪಟ್ಟಿಯನ್ನು ಮೂರನೆಯವರ ಕೈಗೆ ಕೊಟ್ಟರೆ ಗುಟ್ಟಿನ ಹಕ್ಕು ಉಳಿಯುವುದೇ? ಇದು ನ್ಯಾಯಶಾಸ್ತ್ರಜ್ಞರಿಗೇ ಬಿಡತಕ್ಕ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರಬಹುದು. ಹಳೆಯ ಲೆಕ್ಕಪತ್ರಗಳಿಂದ ಗತಕಾಲವನ್ನು ತಿಳಿಯಬೇಕಾದ ಇತಿಹಾಸದ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲುಂಟೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಎರಡು ಸಂಪ್ರದಾಯಗಳು ಬೇರೆ ಬೇರೆಯಾಗಿ ಬೆಳೆದು ಬಂದುವು. ಮೊದಲನೆಯದು ಗೋಪ್ಯತೆಯ ಸಂಪ್ರದಾಯ. 1577ರಷ್ಟು ಹಿಂದೆಯೇ, ಬರ್ಡ್ ಮತ್ತು ಲವ್‌ಲೇಸ್ ಮೊಕದ್ದಮೆಯಲ್ಲಿ, ವಕೀಲನನ್ನು ಅವನ ಕಕ್ಷಿದಾರನ ವಿಷಯವಾಗಿ ಸಾಕ್ಷಿ ನುಡಿಯಲು ಬಲವಂತಪಡಿಸಲಿಲ್ಲ. ಎರಡನೆಯದು ಲೆಕ್ಕ ಒಪ್ಪಿಸುವ ಸಂಪ್ರದಾಯ. ವಕೀಲರು ಮನಬಂದಂತೆ ಹಣ ಕೀಳುತ್ತಾರೆಂಬ ದೂರಿಗೆ ಪರಿಹಾರವಾಗಿ, ಅವರು ತಮ್ಮ ಸಹಿಯುಳ್ಳ ಪಟ್ಟಿಯನ್ನು ಕೊಡಬೇಕೆಂದು 1605ರ ಶಾಸನವು ವಿಧಿಸಿತು. 1729ರ ಶಾಸನವು ಆ ಪಟ್ಟಿ ಇಂಗ್ಲಿಷಿನಲ್ಲಿಯೇ ಇರಬೇಕೆಂದೂ, ಅದನ್ನು ಕೊಟ್ಟು ಒಂದು ತಿಂಗಳು ಕಳೆಯುವ ಮುನ್ನ ಹಣಕ್ಕಾಗಿ ದಾವೆ ಹೂಡಕೂಡದೆಂದೂ ಕಟ್ಟುಮಾಡಿತು. ಎರಡೂ ಸಂಪ್ರದಾಯಗಳ ಉದ್ದೇಶ ಕಕ್ಷಿದಾರನ ರಕ್ಷಣೆಯೇ.

ಆದರೆ ಲೆಕ್ಕವು ವಿವರವಾದಷ್ಟೂ ಗುಟ್ಟು ಸಡಿಲವಾಗುವುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 'ಮರಣಶಾಸನದ ಸಿಂಧುತ್ವದ ಬಗ್ಗೆ ಸಮಾಲೋಚನೆ, ಒಂದು ಗಂಟೆ. ಕಿರಿಯ ಸಹೋದರನೊಡನೆ ರಾಜಿಯ ಕರಡು, ಎರಡು ಗಂಟೆ' ಎಂದು ಪಟ್ಟಿಯಲ್ಲಿ ಬರೆದಿದ್ದರೆ, ಕಕ್ಷಿದಾರನಿಗೆ ತನ್ನ ಪತ್ರದ ಬಲದಲ್ಲಿಯೇ ನಂಬಿಕೆ ಸಾಲದೆಂಬುದು ಎದುರಾಳಿಗೆ ಒಡನೆಯೇ ತಿಳಿಯುತ್ತದೆ. ಈ ಕಾರಣದಿಂದಲೇ 1852ರ ಚಾಂಟ್ ಮತ್ತು ಬ್ರೌನ್ ಮೊಕದ್ದಮೆಯಲ್ಲಿ ಆಂಗ್ಲ ನ್ಯಾಯಸ್ಥಾನವು ಖರ್ಚುಪಟ್ಟಿಯನ್ನು ವಕೀಲನು ನಡೆಸಿದ ವ್ಯವಹಾರಗಳ ಚರಿತ್ರೆಯೆಂದೇ ಭಾವಿಸಿ, ಅದಕ್ಕೂ ರಕ್ಷಣೆಯನ್ನಿತ್ತಿತು.

ಭಾರತದಲ್ಲಿ ಈ ಗೋಪ್ಯತೆಯನ್ನು 1872ರ ಸಾಕ್ಷ್ಯ ಶಾಸನದ 126ರಿಂದ 129ರವರೆಗಿನ ಕಲಮುಗಳು ವಿಧಿಬದ್ಧಗೊಳಿಸಿದುವು. ವಕೀಲನ ಗುಮಾಸ್ತನೂ ದುಭಾಷಿಯೂ ಇದಕ್ಕೆ ಕಟ್ಟುಬಿದ್ದವರೇ. ಕೆಲಸ ಮುಗಿದ ಮೇಲೂ ಈ ಹೊಣೆ ತಪ್ಪದು. ಆದರೆ ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ರಕ್ಷಣೆಯಿಲ್ಲ. ಆ ಶಾಸನದ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೇ ತತ್ತ್ವವು ಮುಂದುವರಿದಿದೆ.

ಪಟ್ಟಿಯನ್ನು ಪರರೊಡನೆ ಹಂಚಿಕೊಂಡಾಗ ಒದಗುವ ಅಪಾಯಕ್ಕೆ ಅಮೆರಿಕದ ವಿದ್ಯಾಸಂಸ್ಥೆಯೊಂದರ ಮೊಕದ್ದಮೆ ನಿದರ್ಶನವಾಗಿದೆ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ರಕ್ಷಣಾ ಇಲಾಖೆಯ ಗುತ್ತಿಗೆಗಳ ಸಂಬಂಧವಾಗಿ ತನ್ನ ವಕೀಲರ ಪಟ್ಟಿಗಳನ್ನು ಆ ಇಲಾಖೆಯ ಲೆಕ್ಕಪರಿಶೋಧಕರಿಗೆ ಒಪ್ಪಿಸಿತ್ತು. ತರುವಾಯ ತೆರಿಗೆ ಇಲಾಖೆಯು ಅವೇ ಪಟ್ಟಿಗಳನ್ನು ಕೇಳಿದಾಗ ಸಂಸ್ಥೆಯು ಗೋಪ್ಯತೆಯ ಹಕ್ಕನ್ನು ಮುಂದಿಟ್ಟಿತು. 1997ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು, ಒಬ್ಬ ಹೊರಗಿನವನಿಗೆ ತೋರಿಸಿದ ಮೇಲೆ ಆ ಹಕ್ಕು ಬಿಟ್ಟುಹೋಯಿತೆಂದು ತೀರ್ಪಿತ್ತಿತು. ಲೆಕ್ಕವನ್ನು ತೋರಿಸಲೇಬೇಕಾದ ಸಂಸ್ಥೆಗೆ ಈ ತೀರ್ಪು ಕಠಿಣವೆನ್ನದೆ ವಿಧಿಯಿಲ್ಲ. ಆದರೆ ಇಷ್ಟಬಂದವರಿಗೆ ತೋರಿಸಿ, ಇಷ್ಟವಿಲ್ಲದವರಿಗೆ ಮರೆಮಾಡುವ ಸ್ವಾತಂತ್ರ್ಯವನ್ನು ಕೊಟ್ಟರೆ ಗೋಪ್ಯತೆಯು ರಕ್ಷಣೆಯಾಗಿ ಉಳಿಯದೆ ಆಯುಧವಾಗುವುದೆಂಬುದೂ ಗಮನಾರ್ಹ.

ಸಾರ್ವಜನಿಕರ ಹಣದಿಂದ ವಕೀಲರನ್ನು ನೇಮಿಸಿದಾಗ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಲಾಸ್ ಏಂಜಲೀಸ್ ಪ್ರಾಂತದ ಸೆರೆಮನೆಗಳಲ್ಲಿ ಬಂದಿಗಳ ಮೇಲೆ ಅತಿಯಾದ ಬಲಪ್ರಯೋಗ ನಡೆಯಿತೆಂಬ ದಾವೆಗಳಿಗೆ ಅಲ್ಲಿನ ಆಡಳಿತವು ಎಷ್ಟು ವೆಚ್ಚಮಾಡಿತೆಂದು ಪೌರಹಕ್ಕುಗಳ ಸಂಘವೊಂದು ಕೇಳಿತು. 2016ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ನಾಲ್ವರು ಮತ್ತು ಮೂವರಾಗಿ ಭಿನ್ನಗೊಂಡು, ಮಧ್ಯಮಾರ್ಗವನ್ನು ಹಿಡಿಯಿತು. ಪಟ್ಟಿಯೆಂಬ ಕಾರಣಕ್ಕೆ ಅದರಲ್ಲಿರುವುದೆಲ್ಲವೂ ಗೋಪ್ಯವಲ್ಲ. ಆದರೆ ದಾವೆ ನಡೆಯುತ್ತಿರುವಾಗ ಮೊತ್ತವು ಸಹ ಗೋಪ್ಯ, ಏಕೆಂದರೆ ಖರ್ಚು ಫಕ್ಕನೆ ಏರಿದರೆ ವಕೀಲರ ಸಿದ್ಧತೆಯ ಸುಳಿವು ಸಿಗುವುದು. ದಾವೆ ಮುಗಿದು ಬಹುಕಾಲವಾದ ಮೇಲೆ ಬರಿಯ ಮೊತ್ತಕ್ಕೆ ಆ ರಕ್ಷಣೆ ಇಲ್ಲದೆ ಹೋಗಬಹುದು.

ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡ ಈ ವಿವೇಕವು ನಮ್ಮ 2005ರ ಮಾಹಿತಿ ಹಕ್ಕು ಅಧಿನಿಯಮದಲ್ಲಿಯೂ ಕಾಣುತ್ತದೆ. ವಿಶ್ವಾಸದ ಸಂಬಂಧದಲ್ಲಿ ದೊರೆತ ಮಾಹಿತಿಗೆ 8ನೆಯ ಕಲಮು ವಿನಾಯಿತಿ ಕೊಟ್ಟರೂ, ಸಾರ್ವಜನಿಕ ಹಿತವು ಹಿರಿದಾದಲ್ಲಿ ಅದನ್ನು ಪ್ರಕಟಿಸಬಹುದೆಂದು ಹೇಳಿದೆ. ಇಪ್ಪತ್ತು ವರ್ಷ ಕಳೆದ ಸಂಗತಿಗಳಿಗೆ ಈ ವಿನಾಯಿತಿ ಅನ್ವಯಿಸದು. ಆದರೆ ಈ ಶಾಸನವು ಸಾರ್ವಜನಿಕ ಪ್ರಾಧಿಕಾರಗಳ ಕಡತಗಳಿಗೆ ಸಂಬಂಧಿಸಿದುದು. ಖಾಸಗಿ ವಕೀಲರ ಪೆಟ್ಟಿಗೆಯನ್ನು ಅದು ತೆರೆಯಿಸಲಾರದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು: ಖರ್ಚುಪಟ್ಟಿಯಲ್ಲಿ ಮೊತ್ತ ಬೇರೆ, ವೃತ್ತಾಂತ ಬೇರೆ. ಸಾರ್ವಜನಿಕರ ಹಣವಾದರೆ, ದಾವೆ ಮುಗಿದ ಬಳಿಕ ಮೊತ್ತವನ್ನು ತಿಳಿಯುವ ಹಕ್ಕು ಪ್ರಜೆಗಳಿಗಿದೆ; ವೃತ್ತಾಂತವು ಕಕ್ಷಿದಾರನದು. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿ ಬರೆಯುವುದರಿಂದಲೇ ತೊಡಕುಗಳಲ್ಲಿ ಹಲವು ಹುಟ್ಟುತ್ತವೆ. ಇವನ್ನು ಆರಂಭದಲ್ಲಿಯೇ ಬೇರ್ಪಡಿಸಿ ಬರೆದರೆ, ಪರಿಶೋಧಕನಿಗೆ ಬೇಕಾದುದು ದೊರೆತು ಕಕ್ಷಿದಾರನ ಮಾನವೂ ಉಳಿಯುವುದು. ಇತಿಹಾಸಕಾರನು ಬೇಡುವುದು ಇನ್ನೊಂದನ್ನು ಮಾತ್ರ: ಗುಟ್ಟಿನ ನೆಪದಿಂದ ಆ ಹಾಳೆಗಳನ್ನು ಸುಡದಿರಲಿ. ಇಂದು ಮುಚ್ಚಿಟ್ಟುದನ್ನು ನಾಳೆ ತೆರೆಯಬಹುದು. ನಾಶವಾದುದನ್ನು ಯಾವ ಶಾಸನವೂ ಮರಳಿ ಕೊಡಲಾರದು.