ಪುಟ್ಟ ಮಕ್ಕಳ ಸಮತೋಲನ ಅಳೆಯುವುದು ಹೇಗೆ?



ಹೋದ ತಿಂಗಳು ನಾನೊಂದು ತಪ್ಪು ಮಾಡಿದೆ. ನನ್ನ ತಮ್ಮನಿಗೆ ನಾಲ್ಕೂವರೆ ವರ್ಷ, ಅಂಗನವಾಡಿಗೆ ಹೋಗುತ್ತಾನೆ. ಒಂದು ಸಂಜೆ ಅವನನ್ನೂ ಪಕ್ಕದ ಮನೆಯ ಅವನ ವಯಸ್ಸಿನ ಹುಡುಗಿಯನ್ನೂ ಜಗಲಿ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ, ಬಾಯಲ್ಲೇ ಎಣಿಸಿದೆ. ಅವಳು 9 ಎಣಿಸುವವರೆಗೂ ನಿಂತಳು. ತಮ್ಮ 2 ಅನ್ನುವಷ್ಟರಲ್ಲಿ ಕಾಲು ಊರಿದ. "ಅವ್ವಾ, ಇವನ ಕಾಲಲ್ಲಿ ಶಕ್ತೀನೇ ಇಲ್ಲ" ಅಂತ ಕೂಗಿ ಹೇಳಿಬಿಟ್ಟೆ. ಅವ್ವ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನ ಬೀದಿ ಹುಡುಗರು ಅವನನ್ನು "ಓಲಾಡೋನು" ಅಂತ ಕರೆದರು. ಅವನು ಆಟಕ್ಕೆ ಹೋಗೋದನ್ನೇ ಬಿಟ್ಟ.

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಇದನ್ನು ಹೇಳಿದೆ. "ಎಷ್ಟು ಸಲ ಅಳೆದೆ?" ಅಂದರು. "ಒಂದೇ ಸಲ ಸರ್." "ಒಂದೇ ಬೆಲ್ಲದ ಅಚ್ಚನ್ನು ಮೂರು ಸಲ ತೂಗಿದಾಗ ಮೂರು ತೂಕ ಬಂದರೆ ತಪ್ಪು ಬೆಲ್ಲದ್ದೋ, ತಕ್ಕಡಿಯದ್ದೋ?" "ತಕ್ಕಡಿಯದ್ದು ಸರ್." "ಹಾಗಾದರೆ ತಮ್ಮನನ್ನು ಆಮೇಲೆ ನೋಡೋಣ, ಮೊದಲು ನಿನ್ನ ತಕ್ಕಡಿ ನೋಡು" ಅಂದರು. ಅವರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಾವು ಬೀಳದೆ ನಿಲ್ಲುವುದು ಬರೀ ಕಾಲಿನ ಶಕ್ತಿಯಿಂದ ಅಲ್ಲ. ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಹೋಗುತ್ತದೆ. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿ. ಅಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿಸಿದರೆ ಅವುಗಳ ಒಳಗಿನ ದ್ರವ ಅಲುಗಾಡಿ, ತಲೆ ಯಾವ ಕಡೆಗೆ ತಿರುಗಿತು ಅಂತ ತಿಳಿಸುತ್ತದೆ. ಮೂರನೆಯದು ನಮ್ಮ ಅಂಗಾಲು, ಕೀಲು ಮತ್ತು ಸ್ನಾಯುಗಳು. ಈ ಸುದ್ದಿಗಳನ್ನು ಕೂಡಿಸಿ ಮೈಯನ್ನು ಸರಿಪಡಿಸುವುದರಲ್ಲಿ ಅನುಮಸ್ತಿಷ್ಕದ (ಚಿಕ್ಕ ಮೆದುಳಿನ) ಪಾತ್ರ ದೊಡ್ಡದು. ಬೇಕಾದರೆ ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ. ಕೂಡಲೇ ಓಲಾಡುತ್ತೀರಿ. ಯಾಕೆಂದರೆ ಒಂದು ಕಡೆಯ ಸುದ್ದಿ ನಿಂತುಹೋಯಿತು!

ಪುಟ್ಟ ಮಕ್ಕಳ ಮೆದುಳು ಇದನ್ನು ಇನ್ನೂ ಕಲಿಯುತ್ತಾ ಇರುತ್ತದೆ. ಮೂರು ವರ್ಷದ ಮಗು ಒಂಟಿ ಕಾಲಲ್ಲಿ ಒಂದೆರಡು ಸೆಕೆಂಡ್, ನಾಲ್ಕು ವರ್ಷದ್ದು ಸುಮಾರು 4-5 ಸೆಕೆಂಡ್, ಐದು ವರ್ಷದ್ದು ಸುಮಾರು 10 ಸೆಕೆಂಡ್ ನಿಲ್ಲಬಲ್ಲದು. ಇದು ಅಂದಾಜು ಮಾತ್ರ. ಹಾಗೇ, ಒಂದೇ ಮಗು ಒಂದು ಸಲ 2 ಸೆಕೆಂಡ್, ಇನ್ನೊಂದು ಸಲ 7 ಸೆಕೆಂಡ್ ನಿಲ್ಲಬಹುದು. ಹಸಿವಾಗಿದ್ದರೆ, ನಿದ್ದೆ ಬರ್ತಾ ಇದ್ದರೆ, ನಾಯಿ ಬೊಗಳಿದರೆ ಕಾಲು ಕೆಳಗೆ ಬಂದೇ ಬರುತ್ತದೆ. ಕೆಲವು ಸಲ ಅದಕ್ಕೆ ಬೇಸರ ಆಗಿರುತ್ತದೆ, ಅಷ್ಟೇ.

ಆದ್ದರಿಂದ ನಾನೂ ನನ್ನ ಗೆಳತಿಯೂ ಮೇಷ್ಟ್ರ ಕೈಗಡಿಯಾರ ತೆಗೆದುಕೊಂಡು ಈ ನಿಯಮ ಮಾಡಿಕೊಂಡೆವು:

1. ಬರಿಗಾಲು, ಸಮತಟ್ಟಾದ ಒಣ ನೆಲ, ಪ್ರತಿ ಸಲವೂ ಅದೇ ಜಾಗ.
2. ಮೊದಲು ನಾವು ಮಾಡಿ ತೋರಿಸಬೇಕು. ಮಗುವಿಗೆ ಒಂದು ಸಲ ಅಭ್ಯಾಸ ಕೊಡಬೇಕು. ಅದನ್ನು ಬರೆಯಬಾರದು.
3. ಗೋಡೆ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಸೀಮೆಸುಣ್ಣದ ಗುರುತು. ಅದನ್ನೇ ನೋಡಬೇಕು.
4. ಕಾಲು ನೆಲ ಬಿಟ್ಟ ಕೂಡಲೇ ಲೆಕ್ಕ ಶುರು. ಎತ್ತಿದ ಕಾಲು ನೆಲಕ್ಕೆ ತಾಗಿದರೆ, ನಿಂತ ಕಾಲು ಜಾಗ ಬಿಟ್ಟರೆ ಅಥವಾ ಏನನ್ನಾದರೂ ಹಿಡಿದರೆ ಲೆಕ್ಕ ಮುಗಿಯಿತು.
5. ಒಂದೊಂದು ಕಾಲಿಗೆ ಮೂರು ಸಲ. ನಡುವೆ ವಿಶ್ರಾಂತಿ.
6. ಇಬ್ಬರು ಬೇರೆ ಬೇರೆ ಬರೆಯಬೇಕು, ಒಬ್ಬರದ್ದನ್ನು ಇನ್ನೊಬ್ಬರು ನೋಡಬಾರದು.
7. ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಇನ್ನೊಮ್ಮೆ ಅಳೆಯಬೇಕು.

ನಾಲ್ಕನೇ ನಿಯಮ ಮೊದಲು ಇರಲಿಲ್ಲ. ತಮ್ಮ ನಿಂತಾಗ ನಾನು 8 ಅಂತ ಬರೆದೆ, ಗೆಳತಿ 5 ಅಂತ ಬರೆದಳು. ಜಗಳವೇ ಆಯಿತು! ಅವನು ಕೈ ಅಲ್ಲಾಡಿಸಿದ ಕೂಡಲೇ ಅವಳು ಲೆಕ್ಕ ನಿಲ್ಲಿಸಿದ್ದಳು, ನಾನು ಕಾಲು ಊರಿದಾಗ ನಿಲ್ಲಿಸಿದ್ದೆ. ನಿಯಮ ಮಾಡಿಕೊಂಡ ಮೇಲೆ ಇಬ್ಬರ ಲೆಕ್ಕದಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಆಮೇಲೆ ತಮ್ಮನ ಬಲಗಾಲಿನ ಲೆಕ್ಕ ಹೀಗೆ ಬಂತು. ಮೊದಲ ದಿನ 4, 7, 6. ಎರಡನೇ ಸಲ ಅಳೆದಾಗ 6, 7, 6. ಎಡಗಾಲಿನದ್ದೂ ಸುಮಾರು ಅಷ್ಟೇ. ಮೊದಲಿನ ಆ '2' ಮತ್ತೆ ಒಂದು ಸಲವೂ ಬರಲಿಲ್ಲ. ಪಕ್ಕದ ಮನೆ ಹುಡುಗಿಯ 9 ಕೂಡ ಗಡಿಯಾರದಲ್ಲಿ ನೋಡಿದರೆ 6-7 ಅಷ್ಟೇ. ಅವತ್ತು ನಾನು ಬೇಗ ಬೇಗ ಎಣಿಸಿದ್ದೆ.

ಇಲ್ಲಿ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ತಕ್ಕಡಿ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿದರೆ ಪ್ರತಿ ಸಲವೂ ಒಂದೇ ತೂಕ ಬರುತ್ತದೆ, ಆದರೆ ಅದು ಸುಳ್ಳು ತೂಕ. ಹಾಗೆಯೇ ಯಾವಾಗಲೂ ಬೇಗ ಎಣಿಸುವವರ ಲೆಕ್ಕ ಒಂದೇ ಥರ ಬಂದರೂ ಸರಿಯಲ್ಲ. ಅಳತೆ ಒಂದೇ ಥರವೂ ಬರಬೇಕು, ನಿಜವೂ ಆಗಿರಬೇಕು.

ಒಂಟಿ ಕಾಲಿನ ಪರೀಕ್ಷೆ ಒಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ. ಮಕ್ಕಳಿಗಾಗಿಯೇ ಇರುವ 'ಪೀಡಿಯಾಟ್ರಿಕ್ ಬ್ಯಾಲೆನ್ಸ್ ಸ್ಕೇಲ್' ಎಂಬ ಪರೀಕ್ಷೆಯಲ್ಲಿ 14 ಕೆಲಸಗಳಿವೆ. ಕೂತು ಏಳುವುದು, ಸುತ್ತ ತಿರುಗುವುದು, ನೆಲದಿಂದ ವಸ್ತು ಎತ್ತುವುದು, ಹೀಗೆ. ಒಂದೊಂದಕ್ಕೆ 0 ರಿಂದ 4 ಅಂಕ, ಒಟ್ಟು 56. ಅದನ್ನು ಕಲಿತವರೇ ಮಾಡಬೇಕು. ಮಗು ಪದೇ ಪದೇ ಬೀಳುತ್ತಿದ್ದರೆ, ಮೊದಲು ಬರುತ್ತಿದ್ದದ್ದು ಈಗ ಬಾರದಿದ್ದರೆ, ಒಂದು ಕಾಲು ಇನ್ನೊಂದಕ್ಕಿಂತ ತುಂಬಾ ಸೋತರೆ ಅಥವಾ ಕಿವಿ ಸೋರುತ್ತಿದ್ದರೆ ನಾವು ಅಳೆಯುತ್ತಾ ಕೂರಬಾರದು, ಡಾಕ್ಟರಿಗೆ ತೋರಿಸಬೇಕು.

ಲೆಕ್ಕದ ಪುಸ್ತಕವನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಎರಡು ಸಲ ಓದಿಸಿಕೊಂಡಳು. ಆಮೇಲೆ "ಇನ್ನೊಂದು ಸಲ ಹಿಂಗೆ ಹೆದರಿಸಬೇಡ ಕಣೇ" ಅಂದಳು. ತಮ್ಮ ಈಗ ಕುಂಟೆಬಿಲ್ಲೆ ಆಡೋಕೆ ಹೋಗ್ತಾನೆ. ಬೀಳ್ತಾನೆ, ಏಳ್ತಾನೆ, ಮತ್ತೆ ಆಡ್ತಾನೆ.

ಗೆಳೆಯರೇ, ನೀವೂ ನಿಮ್ಮ ತಮ್ಮ ತಂಗಿಯರನ್ನು ಅಳೆದು ನೋಡಿ. ಆದರೆ ಒಂದೇ ಸಲ ಅಳೆದು ಯಾರಿಗೂ ಹೆಸರು ಇಡಬೇಡಿ.

— 7ನೇ ತರಗತಿಯ ವಿದ್ಯಾರ್ಥಿನಿ