ನಮ್ಮ ಕಲ್ಲುಗಳಿಗೂ ಕಟ್ಟುಗಳಿಗೂ ಪಟ್ಟಿ ಬರೆದ ಬಿ. ಎಲ್. ರೈಸ್

ಗ್ರಂಥವನ್ನು ರಚಿಸಿದವನಿಗೆ ಕವಿಯೆಂಬ ಹೆಸರುಂಟು. ಅದಕ್ಕೆ ಟೀಕೆ ಬರೆದವನಿಗೆ ವ್ಯಾಖ್ಯಾನಕಾರನೆಂಬ ಗೌರವವುಂಟು. ಓಲೆಗರಿಯ ಮೇಲೆ ಪ್ರತಿಮಾಡಿದ ಲಿಪಿಕಾರನೂ ಕೊನೆಯ ಗರಿಯಲ್ಲಿ ತನ್ನ ಹೆಸರನ್ನು, ಊರನ್ನು, ಸಂವತ್ಸರವನ್ನು ಬರೆದು ಲೋಕದ ನೆನಪಿನಲ್ಲಿ ಉಳಿಯುತ್ತಾನೆ. ಆದರೆ ಯಾವ ಗ್ರಂಥ ಎಲ್ಲಿದೆ, ಅದು ಯಾರದು, ಯಾವ ಕಾಲದ್ದು ಎಂದು ಊರೂರು ವಿಚಾರಿಸಿ ಪಟ್ಟಿ ಮಾಡಿದವನನ್ನು ಹೊಗಳುವ ವಾಡಿಕೆ ನಮ್ಮಲ್ಲಿ ಬೆಳೆಯಲಿಲ್ಲ. ಅಂಥವನನ್ನು ಗ್ರಂಥಸೂಚಿಕಾರನೆಂದು ಕರೆಯುತ್ತಾರೆ. ಅವನ ಪುಸ್ತಕವನ್ನು ಯಾರೂ ಆದ್ಯಂತವಾಗಿ ಓದುವುದಿಲ್ಲ. ಅದಿಲ್ಲದೆ ಯಾವ ವಿದ್ವಾಂಸನೂ ಕೆಲಸಕ್ಕೆ ತೊಡಗಲಾರ.

ಕನ್ನಡನಾಡಿಗೆ ಇಂತಹ ಸೇವೆಯನ್ನು ಸಲ್ಲಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಬೆಂಜಮಿನ್ ಲೂಯಿ ರೈಸ್. ಜನ್ಮದಿಂದ ಆಂಗ್ಲರು, ಹುಟ್ಟಿದ ಊರು ಬೆಂಗಳೂರು. ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳಾಗಿ ಬಂದು ಕನ್ನಡವನ್ನು ಚೆನ್ನಾಗಿ ಕಲಿತವರು; ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದು. ಮಗ ಲೂಯಿ ಜನಿಸಿದ್ದು 1837ರ ಜುಲೈ 17ರಂದು. ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರಿನ ಪಾಠಶಾಲೆಯ ಮುಖ್ಯಸ್ಥರಾದರು. ಬಳಿಕ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು.

ಶಾಲಾ ತನಿಖೆಯ ಉದ್ಯೋಗವೇ ಅವರ ಪಾಂಡಿತ್ಯಕ್ಕೆ ದಾರಿಯಾಯಿತೆಂದು ನಾವು ತಿಳಿಯುತ್ತೇವೆ. ತನಿಖೆಗೆಂದು ಊರೂರಿಗೆ ಹೋಗುವ ಅಧಿಕಾರಿಗೆ ದೇಗುಲದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಹೊತ್ತ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಎಲ್ಲರ ಕಣ್ಣಿಗೂ ಬೀಳುತ್ತವೆ. ರೈಸರು ನಿಂತು ನೋಡಿದರು. ಅದಕ್ಕೂ ಮುನ್ನ 1865ರಲ್ಲಿ ಮೇಜರ್ ಡಿಕ್ಸನ್ ಎಂಬವರು ಮೈಸೂರು ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸರ ಪಾಲಿಗೆ ಬಂದಿತು. 1879ರಲ್ಲಿ ಅದು ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವಾಗಿ ಹೊರಬಂದಿತು. ಅಷ್ಟರೊಳಗೆ ಅವರು ಮೈಸೂರು–ಕೊಡಗುಗಳ ಗೆಜೆಟಿಯರನ್ನೂ ಬರೆದಿದ್ದರು. ಮುಂದೆ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿ 1906ರವರೆಗೆ ದುಡಿದು ನಿವೃತ್ತರಾದರು. 1927ರ ಜುಲೈ 10ರಂದು ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ಕಾಲವಾದಾಗ ಅವರಿಗೆ ತೊಂಬತ್ತು ತುಂಬಲು ಒಂದೇ ವಾರ ಉಳಿದಿತ್ತು.

ಅವರ ಮಹಾಕಾರ್ಯವೆಂದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಗೊಂಡು ಹನ್ನೆರಡು ಸಂಪುಟಗಳು. ಸುಮಾರು 9,000 ಶಾಸನಗಳು. ಈ ಸಂಪುಟಗಳ ಒಂಬತ್ತನೆಯದು 1905ರಲ್ಲಿ ಪ್ರಕಟವಾದ ಬೆಂಗಳೂರು ಜಿಲ್ಲೆಯ ಸಂಪುಟ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ವಾಚಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆಯಿತು. ರೈಸರ ಕಾಲದಲ್ಲಿ ಎಲ್ಲವೂ ಬೆಂಗಳೂರು ಜಿಲ್ಲೆಯೇ. ಅಂದಿನ ಪುಸ್ತಕಗಳಲ್ಲಿ ರಾಮನಗರವು ಕ್ಲೋಸ್‌ಪೇಟೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕಾಡುಭಾಗವನ್ನು ನಿರ್ಭಯವಾಗಿಸಲು 1800ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ ಪೇಟೆ. ಕನಕಪುರವು ಕಾನಕಾನಹಳ್ಳಿ. ಹಳೆಯ ಹೆಸರುಗಳನ್ನು ಅರಿಯದೆ ಈ ಸಂಪುಟವನ್ನು ತೆರೆದವರು ‘ನಮ್ಮೂರೇ ಇದರಲ್ಲಿಲ್ಲ’ ಎಂದು ಮುಚ್ಚಿಡುವುದುಂಟು.

ಸಂಪುಟದ ಏರ್ಪಾಡನ್ನು ತುಸು ವಿವರಿಸಬೇಕು, ಏಕೆಂದರೆ ಸೂಚಿಕಾರನ ಪ್ರತಿಭೆ ಇರುವುದು ಅಲ್ಲಿಯೇ. ಶಾಸನಗಳನ್ನು ರಾಜವಂಶದ ಕ್ರಮದಲ್ಲಿ ಜೋಡಿಸಿಲ್ಲ. ತಾಲ್ಲೂಕಿನ ಕ್ರಮದಲ್ಲಿ ಜೋಡಿಸಿದೆ. ಪ್ರತಿ ತಾಲ್ಲೂಕಿಗೂ ಒಂದು ಕಿರುಗುರುತು, ಪ್ರತಿ ಕಲ್ಲಿಗೂ ಒಂದು ಸಂಖ್ಯೆ. ಇಂತಹ ಊರಿನ ಇಂತಹ ಗುಡಿಯ ಬಾಗಿಲ ಬಲಗಡೆ, ಇಂತಹವರ ಹೊಲದಲ್ಲಿ ಎಂದು ಕಲ್ಲು ನಿಂತ ಸ್ಥಳವನ್ನು ಗುರುತಿಸಿದೆ. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ, ಮುಂದೆ ಪೀಠಿಕೆ. ನಾವು ಮಠದಲ್ಲಿ ಓದುತ್ತಿದ್ದಾಗ ಗುರುಗಳು ಶಾಸನದ ಆಧಾರ ಹೇಳುವಲ್ಲಿ ‘ಮಾಗಡಿ ಇಷ್ಟು’, ‘ಚನ್ನಪಟ್ಟಣ ಇಷ್ಟು’ ಎಂದು ತಾಲ್ಲೂಕನ್ನೂ ಅಂಕಿಯನ್ನೂ ಹೇಳಿ ಮುಂದೆ ಸಾಗುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು. ಜಗತ್ತಿನ ಯಾವ ಮೂಲೆಯ ವಿದ್ವಾಂಸನಿಗೂ ಆ ಒಂದು ಗುರುತಿನಿಂದ ಅದೇ ಕಲ್ಲು ದೊರೆಯುತ್ತದೆ.

ಇದರಿಂದ ನಮಗೆ ದಕ್ಕಿದ್ದೇನು? ಮಾಗಡಿಯ ಸಾವನದುರ್ಗವನ್ನು ನೋಡದವರಿಲ್ಲ. ಆ ಗಿರಿಗೆ ಸಾವಂದಿ ಎಂಬ ಹಳೆಯ ಹೆಸರಿತ್ತೆಂಬುದು ಮಾಡಬಾಳಿನ 1340ರ ಹೊಯ್ಸಳ ಮೂರನೆಯ ಬಲ್ಲಾಳನ ಶಾಸನದಿಂದ ತಿಳಿದುಬಂದಿತು. ಚನ್ನಪಟ್ಟಣದ ಸುತ್ತಣ ಮಳೂರು, ಕೂಡ್ಲೂರುಗಳಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಈ ಭಾಗ ಒಮ್ಮೆ ಚೋಳರ ಆಳ್ವಿಕೆಗೆ ಸೇರಿತ್ತೆಂಬುದನ್ನು ಊರಿನ ಯಾವ ಐತಿಹ್ಯವೂ ಇಷ್ಟು ಖಚಿತವಾಗಿ ಹೇಳಲಾರದು. ನಮ್ಮ ಜಿಲ್ಲೆಯಾಚೆಗೆ ನೋಡಿದರೆ, ಶಿವಮೊಗ್ಗ ಸೀಮೆಯ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವಿದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನೂ ಅದು ತಿಳಿಸುತ್ತದೆ. ಮಠವೆಂದರೆ ಅನ್ನ–ಅಕ್ಷರಗಳ ತಾಣವೆಂದು ಇಂದು ನಾವು ಸಭೆಗಳಲ್ಲಿ ಹೇಳುವ ಮಾತಿಗೆ ಎಂಟುನೂರು ವರ್ಷಗಳಿಗೂ ಹಿಂದಿನ ಕಲ್ಲಿನ ಸಾಕ್ಷ್ಯ ರೈಸರ ಸಂಪುಟದಲ್ಲಿದೆ.

ಕಲ್ಲಿನ ಅಕ್ಷರವನ್ನು ಕಾಗದಕ್ಕೆ ತರುವ ಕೆಲಸ ಸುಲಭದ್ದಲ್ಲ. ಕಲ್ಲನ್ನು ತೊಳೆದು, ಪಾಚಿ ತೆಗೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ಗುಣಿಗಳೊಳಗೆ ಕೂರಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಎಲ್ಲೆಡೆ ಅದಕ್ಕೆ ಅವಕಾಶವಿರಲಿಲ್ಲ. ಪಂಡಿತರು ಹೋಗಿ ಕಣ್ಣಿನಿಂದ ನೋಡಿ ಬರೆದುಕೊಂಡು ಬಂದದ್ದೂ ಇದೆ. ಆದುದರಿಂದ ಪಾಠದೋಷಗಳು ನುಸುಳಿದವು. ಮುಖಪುಟದಲ್ಲಿ ರೈಸರ ಹೆಸರೊಂದೇ ಇದ್ದರೂ ಬಿಸಿಲಿನಲ್ಲಿ ಕುಳಿತು ಓದಿದ ದೇಶೀಯ ಪಂಡಿತರ ಶ್ರಮ ಅದರೊಳಗಿದೆಯೆಂಬುದನ್ನು ಮರೆಯುವುದು ನ್ಯಾಯವಲ್ಲ. ಇನ್ನೊಂದು ಮಾತು: ಗಂಗ ಅರಸರ ತಾಮ್ರಪಟಗಳ ವಿಷಯದಲ್ಲಿ ರೈಸರಿಗೂ ಜೆ. ಎಫ್. ಫ್ಲೀಟರಿಗೂ ದೀರ್ಘ ವಿವಾದ ನಡೆಯಿತು. ಫ್ಲೀಟರು ಅವುಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು, ರೈಸರು ಎತ್ತಿಹಿಡಿದರು. ನಮ್ಮ ಅಭಿಪ್ರಾಯದಲ್ಲಿ ರೈಸರು ನಂಬುವುದರಲ್ಲಿ ತುಸು ಉದಾರಿಗಳು, ಫ್ಲೀಟರು ಶಂಕಿಸುವುದರಲ್ಲಿ ತುಸು ಕಠಿಣರು. ಸೂಚಿಕಾರನಲ್ಲಿ ಎರಡನೆಯದಕ್ಕಿಂತ ಮೊದಲನೆಯ ದೋಷವೇ ವಾಸಿ. ಪಟ್ಟಿಗೆ ಸೇರಿದ್ದನ್ನು ಮುಂದಿನವರು ಶೋಧಿಸಬಹುದು, ಸೇರದೆ ಹೋದದ್ದನ್ನು ಯಾರು ಹುಡುಕಿಯಾರು?

ಸಾಹಿತ್ಯದಲ್ಲಿಯೂ ರೈಸರ ಪಟ್ಟಿಯ ಕೆಲಸ ಸಾಗಿತು. ಮೈಸೂರು ಮತ್ತು ಕೊಡಗಿನಲ್ಲಿದ್ದ ಸಂಸ್ಕೃತ ಹಸ್ತಪ್ರತಿಗಳ ಸೂಚಿಯನ್ನು ಅವರು 1884ರಲ್ಲಿ ಪ್ರಕಟಿಸಿದರು. ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ನಾಗವರ್ಮನ ‘ಭಾಷಾಭೂಷಣ’, ಭಟ್ಟಾಕಳಂಕನ ‘ಶಬ್ದಾನುಶಾಸನ’, ಪಂಪನ ಭಾರತ ಮೊದಲಾದವು ಅಚ್ಚಾದವು. ‘ಕವಿರಾಜಮಾರ್ಗ’ವನ್ನು ಅದೇ ಮಾಲೆಗೆ ಕೆ. ಬಿ. ಪಾಠಕರು 1898ರಲ್ಲಿ ಸಂಪಾದಿಸಿಕೊಟ್ಟರು. ‘ಶಬ್ದಾನುಶಾಸನ’ದ ಪೀಠಿಕೆಯಲ್ಲಿ ರೈಸರು ಕನ್ನಡ ಕವಿಗಳನ್ನೂ ಅವರ ಕೃತಿಗಳನ್ನೂ ಕಾಲಾನುಕ್ರಮವಾಗಿ ಪರಿಚಯಿಸಲು ಯತ್ನಿಸಿದರು. ಆ ಬೀಜ ಹೆಮ್ಮರವಾದುದು ಅವರ ಸಹಾಯಕರಾಗಿದ್ದು 1906ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯಲ್ಲಿ. 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಬಂದ ಆ ಗ್ರಂಥದಲ್ಲಿ ವೀರಶೈವ ಕವಿಗಳ ಸಂಖ್ಯೆ ಬಹು ದೊಡ್ಡದು. ಹೆಸರಷ್ಟೇ ಉಳಿದ, ಕೃತಿ ಸಿಕ್ಕದ ಕವಿಗಳೂ ಅಲ್ಲಿದ್ದಾರೆ. ಅವರ ಕಾವ್ಯ ಯಾವುದೋ ಮನೆಯ ಅಟ್ಟದಲ್ಲಿ ಇಂದಿಗೂ ಇರಬಹುದೆಂಬ ಆಸೆ ನಮಗೆ ಇನ್ನೂ ಬತ್ತಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಂದು ಹಸ್ತಪ್ರತಿಯಾಗಿ ಬಂದ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸುವವರೆಗೆ ಅದು ಕಳೆದುಹೋದ ಗ್ರಂಥವೆಂದೇ ಲೋಕ ನಂಬಿತ್ತಲ್ಲವೇ?

ಯಾವ ಪಟ್ಟಿಯೂ ಪೂರ್ಣವಲ್ಲ. ಶ್ರವಣಬೆಳಗೊಳದಲ್ಲಿ ರೈಸರು 1889ರಲ್ಲಿ 144 ಶಾಸನಗಳನ್ನು ಕೊಟ್ಟರೆ, ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು. ಹಲ್ಮಿಡಿಯ ಶಾಸನ ರೈಸರ ಪಟ್ಟಿಯಲ್ಲಿಲ್ಲ, ಡಾ. ಎಂ. ಎಚ್. ಕೃಷ್ಣರು ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ.

ನಮ್ಮ ಸೀಮೆಯಲ್ಲಿ ಪಟ್ಟಿಗೆ ಸೇರದೆ ಉಳಿದ ಕಲ್ಲುಗಳಿಗೆ ಕೇಡು ಹಲವು ಬಗೆ. ಅಡಿಯಲ್ಲಿ ನಿಧಿಯಿದೆಯೆಂದು ಅಗೆದು ಉರುಳಿಸುವವರುಂಟು. ಮಾಗಡಿ, ಕನಕಪುರಗಳ ಕಡೆ ಕಲ್ಲುಗಣಿಯ ಕೆಲಸ ಬೆಳೆದ ಮೇಲೆ ಬದುವಿನ ಲಿಂಗಮುದ್ರೆಯ ಕಲ್ಲಿಗೂ ಆಸರೆ ತಪ್ಪಿತು. ಓಲೆಯ ಕಟ್ಟುಗಳ ಕಥೆ ಬೇರೆ. ಮನೆಗಳಲ್ಲಿ ಅವುಗಳಿಗೆ ವರ್ಷಕ್ಕೊಮ್ಮೆ ವಿಭೂತಿ, ಪತ್ರೆ, ಧೂಪ ಸಲ್ಲುತ್ತದೆ. ಆದರೆ ದಾರ ಬಿಚ್ಚಿ ಒಳಗೆ ಏನಿದೆಯೆಂದು ನೋಡುವವರಿಲ್ಲ. ಮನೆ ಕೆಡವಿ ಹೊಸದು ಕಟ್ಟುವಾಗ ‘ಪವಿತ್ರವಾದದ್ದು, ಎಸೆಯಬಾರದು’ ಎಂದು ಹೊಳೆಗೆ ಬಿಡುತ್ತಾರೆ. ಭಕ್ತಿಯಿಂದಲೇ ಗ್ರಂಥ ನಾಶವಾಗುವ ಈ ಪರಿಯನ್ನು ಕಂಡು ನಾವು ಬಹಳ ನೊಂದಿದ್ದೇವೆ.

ಕಟ್ಟು ಇರುವ ಮನೆಯವರು ಅದನ್ನು ಯಾರಿಗೂ ಒಪ್ಪಿಸಲೇಬೇಕೆಂದಿಲ್ಲ. ಕೈ ಒಣಗಿಸಿಕೊಂಡು ದಾರ ಬಿಚ್ಚಿ, ಮೊದಲು ಗರಿಗಳನ್ನು ಎಣಿಸಿರಿ. ಉದ್ದ ಅಗಲ ಅಳೆಯಿರಿ. ಅಕ್ಷರ ಮಸುಕಾಗಿದೆಯೆಂದು ನೀರು ಮುಟ್ಟಿಸಬೇಡಿರಿ, ಎಣ್ಣೆ ಕಾಡಿಗೆಗಳನ್ನು ಬಲ್ಲವರೇ ಹಚ್ಚಬೇಕು. ಗ್ರಂಥದ ಹೆಸರು ಸಾಮಾನ್ಯವಾಗಿ ಸಂಧಿಯ ಕೊನೆಯಲ್ಲಿಯೂ, ಬರೆದವರ ಹೆಸರು, ಊರು, ಸಂವತ್ಸರ ಕಟ್ಟಿನ ಕೊನೆಯ ಗರಿಯಲ್ಲಿಯೂ ಇರುತ್ತವೆ. ಆ ಎರಡು ಕಡೆಯ ಸಾಲುಗಳನ್ನು ಕಂಡಂತೆ ಕಾಗದದ ಮೇಲೆ ಬರೆದುಕೊಳ್ಳಿರಿ. ಓದಲಾಗದಿದ್ದರೆ ಆ ಗರಿಗಳ ಚಿತ್ರ ತೆಗೆದು ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿ ವಿಭಾಗದವರಿಗೆ ತೋರಿಸಿರಿ. ಬಳಿಕ ಶುಭ್ರವಾದ ಹತ್ತಿಯ ಬಟ್ಟೆಯಲ್ಲಿ ಬಜೆಯ ತುಂಡು, ಒಣಗಿದ ಬೇವಿನೆಲೆಗಳೊಡನೆ ಕಟ್ಟಿ, ಗರಿಗಳ ಸಂಖ್ಯೆಯನ್ನು ಬರೆದ ಚೀಟಿಯನ್ನು ಮೇಲೆ ಸಿಕ್ಕಿಸಿ, ಮೊದಲಿದ್ದ ಸ್ಥಳದಲ್ಲಿಯೇ ಇಡಿರಿ.