ಎಆರ್‌ಟಿ ಕೇಂದ್ರಕ್ಕೆ ಹೊರಡುವ ಮುನ್ನ

ಊಟವಾದ ಮೇಲೆ ಎದೆಯುರಿ ಬಂದರೆ ಜೆಲುಸಿಲ್ ಅಥವಾ ಡೈಜಿನ್ ಕುಡಿಯುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ. ಅದನ್ನು ಯಾರೂ ಔಷಧ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಬೇರೆ ಏನಾದರೂ ಔಷಧ ತೊಗೊಳ್ತಿದ್ದೀರಾ?’ ಎಂದು ವೈದ್ಯರು ಕೇಳಿದಾಗ ‘ಇಲ್ಲ’ ಎಂಬ ಉತ್ತರ ತಾನಾಗಿ ಬರುತ್ತದೆ. ಆದರೆ ಎಚ್‌ಐವಿಗೆ ಚಿಕಿತ್ಸೆ ಪಡೆಯುತ್ತಿರುವವರು ಹೇಳಲೇಬೇಕಾದ ವಿಷಯಗಳಲ್ಲಿ ಈ ಸಿರಪ್ಪೂ ಒಂದು.

ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈಗ ಹೆಚ್ಚಿನವರಿಗೆ ಸಿಗುವುದು ದಿನಕ್ಕೊಂದು ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲೇ ಸೇರಿವೆ. ಎಚ್‌ಐವಿ ತನ್ನ ವಂಶವಾಹಿಯನ್ನು ನಮ್ಮ ಜೀವಕೋಶದ ಡಿಎನ್‌ಎಗೆ ಸೇರಿಸಲು ಇಂಟಿಗ್ರೇಸ್ ಎಂಬ ಕಿಣ್ವವನ್ನು ಬಳಸುತ್ತದೆ. ಆ ಕಿಣ್ವ ಕೆಲಸ ಮಾಡುವ ಜಾಗದಲ್ಲಿ ಮೆಗ್ನೀಸಿಯಂನ ಎರಡು ಅಯಾನುಗಳಿರುತ್ತವೆ. ಡೊಲುಟೆಗ್ರಾವಿರ್ ಆ ಎರಡನ್ನೂ ಬಿಗಿಯಾಗಿ ಹಿಡಿದುಕೊಂಡು ಕಿಣ್ವವನ್ನು ನಿಲ್ಲಿಸಿಬಿಡುತ್ತದೆ. ಲೋಹವನ್ನು ಹಿಡಿಯುವ ಈ ಗುಣವೇ ಅದರ ಬಲ, ತೊಡಕಿರುವುದೂ ಅಲ್ಲೇ. ಎದೆಯುರಿಯ ಸಿರಪ್ಪಿನಲ್ಲಿರುವುದು ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ. ಮಾತ್ರೆಯನ್ನೂ ಸಿರಪ್ಪನ್ನೂ ಒಟ್ಟಿಗೆ ತೆಗೆದುಕೊಂಡರೆ ಔಷಧವು ಹೊಟ್ಟೆಯಲ್ಲೇ ಆ ಲೋಹಗಳಿಗೆ ಅಂಟಿಕೊಳ್ಳುತ್ತದೆ. ರಕ್ತಕ್ಕೆ ಸೇರಬೇಕಾದ ಪ್ರಮಾಣದಲ್ಲಿ ಸುಮಾರು ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ದಿನವೂ ತಪ್ಪದೆ ಮಾತ್ರೆ ನುಂಗಿದರೂ ವೈರಸ್ಸಿಗೆ ತಾಗುವುದು ಅಷ್ಟೋ ಇಷ್ಟೋ.

ಪರಿಹಾರ ಸರಳ. ಇಂಥ ಸಿರಪ್ಪಿಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆಯ ನಂತರ ಎಆರ್‌ಟಿ ಮಾತ್ರೆ ತೆಗೆದುಕೊಂಡರೆ ಸಾಕು. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳಿಗೂ ಇದೇ ಅಂತರ ಬೇಕು; ಊಟದ ಜೊತೆಗಾದರೆ ಇವನ್ನು ಎಆರ್‌ಟಿ ಮಾತ್ರೆಯೊಂದಿಗೇ ತೆಗೆದುಕೊಳ್ಳಬಹುದು. ಗರ್ಭಿಣಿಯರಿಗೆ ಈ ಎರಡೂ ಮಾತ್ರೆಗಳನ್ನು ಸರ್ಕಾರವೇ ಕೊಡುವುದರಿಂದ ಅವರು ಇದನ್ನು ಕೇಳಿ ತಿಳಿದುಕೊಂಡಿರಬೇಕು. ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಗಳಿಂದ ಡೊಲುಟೆಗ್ರಾವಿರ್‌ಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಆದ್ದರಿಂದ ‘ಗ್ಯಾಸಿಗೆ ಏನೋ ತೊಗೊಳ್ತೀನಿ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಸೀಸೆಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗುವುದು ಮೇಲು.

ಸಕ್ಕರೆ ಕಾಯಿಲೆಯ ಮಾತ್ರೆಯೂ ಆ ಚೀಲದಲ್ಲಿರಲಿ. ಡೊಲುಟೆಗ್ರಾವಿರ್ ಜೊತೆ ಸೇರಿದಾಗ ಮೆಟ್‌ಫಾರ್ಮಿನ್ ಮೂತ್ರಪಿಂಡದ ಮೂಲಕ ಹೊರಹೋಗುವುದು ನಿಧಾನವಾಗಿ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹಾಗಾಗಿ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ಕ್ಷಯದ ಔಷಧ ರಿಫಾಂಪಿಸಿನ್ ಪರಿಣಾಮ ಇದಕ್ಕೆ ತದ್ವಿರುದ್ಧ: ಅದು ಡೊಲುಟೆಗ್ರಾವಿರ್ ಅನ್ನೇ ಬೇಗ ಕರಗಿಸುತ್ತದೆ. ಆಗ ದಿನಕ್ಕೆ ಒಂದರ ಬದಲು ಎರಡು ಬಾರಿ ಕೊಡಬೇಕಾಗುತ್ತದೆ.

ಊರಿನ ಡಾಕ್ಟರಿಗೆ ಎಚ್‌ಐವಿ ವಿಷಯ ಹೇಳಲು ಬಹಳ ಜನ ಹೆದರುತ್ತಾರೆ, ಆ ಹೆದರಿಕೆಗೆ ಕಾರಣಗಳೂ ಇವೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಆಸ್ಪತ್ರೆಗಳಲ್ಲಿ ಭೇದ ತೋರುವುದನ್ನು ನಿಷೇಧಿಸಿದೆ, ಗೋಪ್ಯತೆಗೆ ರಕ್ಷಣೆ ಕೊಟ್ಟಿದೆ. ಆದರೂ ಸಣ್ಣ ಊರಿನಲ್ಲಿ ಕಾಯ್ದೆಯ ಪುಸ್ತಕ ಹಿಡಿದು ಓಡಾಡಲು ಆಗುವುದಿಲ್ಲ. ಅಂಥವರಿಗೆ ಒಂದು ದಾರಿಯಿದೆ: ಬೇರೆ ಡಾಕ್ಟರುಗಳ ಚೀಟಿಗಳನ್ನೆಲ್ಲ ಎಆರ್‌ಟಿ ಕೇಂದ್ರಕ್ಕೆ ತರುವುದು. ಅಲ್ಲಿ ವಿಷಯ ಹೇಗೂ ಗೊತ್ತಿರುತ್ತದೆ. ಯಾವ ಮಾತ್ರೆ ಯಾವುದಕ್ಕೆ ಒಗ್ಗುವುದಿಲ್ಲ ಎಂದು ಅಲ್ಲೇ ನೋಡಬಹುದು. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬಾರದು.

ಇನ್ನು ಬಾಟಲಿಯಲ್ಲಿ ಉಳಿದ ಮಾತ್ರೆಗಳ ವಿಚಾರ. ಕೇಂದ್ರದಲ್ಲಿ ಅವನ್ನು ಎಣಿಸುತ್ತಾರೆ. ಬೈಗುಳಕ್ಕೆ ಹೆದರಿ, ಬಿಟ್ಟುಹೋದ ಮಾತ್ರೆಗಳನ್ನು ಎಸೆದು ಖಾಲಿ ಬಾಟಲಿ ತಂದರೆ ನಷ್ಟ ರೋಗಿಗೇ. ರಕ್ತದ ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಪ್ರತಿಗಳು 1000 ದಾಟಿದರೆ ಎರಡು ಸಾಧ್ಯತೆಗಳು: ಮಾತ್ರೆ ಸರಿಯಾಗಿ ದೇಹ ಸೇರುತ್ತಿಲ್ಲ, ಅಥವಾ ವೈರಸ್ಸು ಔಷಧಕ್ಕೆ ಬಗ್ಗದಂತಾಗಿದೆ. ಮೊದಲನೆಯದಾದರೆ ಆಪ್ತ ಸಮಾಲೋಚಕರ ನೆರವಿನಿಂದ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಎರಡನೆಯದಾದರೆ ಔಷಧವನ್ನೇ ಬದಲಿಸಬೇಕು. ಸುಳ್ಳು ಲೆಕ್ಕ ಸಿಕ್ಕಿದಾಗ ಈ ಎರಡನ್ನು ಬೇರೆಬೇರೆಯಾಗಿ ಗುರುತಿಸುವುದು ವೈದ್ಯರಿಗೆ ಕಷ್ಟ. ‘ಮದುವೆಮನೆಗೆ ಹೋಗಿದ್ದೆ, ನೆಂಟರ ಮುಂದೆ ಬಾಟಲಿ ತೆಗೆಯಲಾಗಲಿಲ್ಲ’ ಎಂಬ ಒಂದು ಮಾತು ದುಬಾರಿ ಪರೀಕ್ಷೆಯಷ್ಟೇ ಬೆಲೆಯುಳ್ಳದ್ದು. ಸಮಾಲೋಚಕರು ಮಾತ್ರೆಯ ವೇಳೆ ಬದಲಿಸಲು ನೆರವಾಗಬಲ್ಲರು.

ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು: ಪ್ರತಿ ಭೇಟಿಯಲ್ಲೂ ಈ ನಾಲ್ಕನ್ನು ಕೇಳುವುದು ಕ್ಷಯದ ಅನುಮಾನದಿಂದ. ಯಾವುದಾದರೂ ಒಂದು ಇದ್ದರೂ ಎಂದಿನಿಂದ ಎಂದು ಗುರುತು ಹಾಕಿಕೊಂಡಿರಬೇಕು. ಹಳೆಯ ರಕ್ತಪರೀಕ್ಷೆಯ ವರದಿಗಳೂ ಬೇಕು. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ, ಮೂತ್ರಪಿಂಡಕ್ಕೆ ಪೆಟ್ಟಾಗದೆಯೂ ಅದರ ಸ್ಥಿತಿ ತೋರುವ ಕ್ರಿಯಾಟಿನಿನ್ ರಕ್ತದಲ್ಲಿ ತುಸು ಏರುತ್ತದೆ. ಟೆನೊಫೊವಿರ್‌ನಿಂದ ಕೆಲವರಿಗೆ ನಿಜವಾದ ಹಾನಿಯೂ ಆಗಬಹುದು. ಯಾವುದು ಯಾವುದೆಂದು ಅಂದಾಜಿಸಲು ಹಿಂದಿನ ಅಂಕಿ ಎದುರಿಗಿರಬೇಕು.

ಕೇಳಲು ನಾಚಿಕೆಪಡುವ ಪ್ರಶ್ನೆಗಳನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆದುಕೊಂಡರೆ ಒಳ್ಳೆಯದು. ಮಗು ಮಾಡಿಕೊಳ್ಳಬಹುದೇ, ಸಂಗಾತಿಗೆ ಹರಡುತ್ತದೆಯೇ ಎಂಬ ಪ್ರಶ್ನೆಗಳು ವರ್ಷಗಟ್ಟಲೆ ಮನಸ್ಸಿನಲ್ಲೇ ಕೊಳೆಯುತ್ತವೆ. ಚಿಕಿತ್ಸೆಯಿಂದ ವೈರಸ್ಸು ಪರೀಕ್ಷೆಗೆ ಸಿಗದಷ್ಟು ತಗ್ಗಿ, ಹಾಗೇ ಉಳಿದವರಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ ಎಂಬುದು ಯುರೋಪಿನ ‘ಪಾರ್ಟ್ನರ್’ ಅಧ್ಯಯನದಂಥ ದೊಡ್ಡ ಅಧ್ಯಯನಗಳಿಂದ ಗಟ್ಟಿಯಾಗಿದೆ. ಈ ಸಂಗತಿಯನ್ನು ತಮ್ಮದೇ ವೈರಲ್ ಲೋಡ್ ವರದಿ ಹಿಡಿದು ವೈದ್ಯರ ಬಾಯಿಂದ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಉತ್ತರ ಕರ್ನಾಟಕದಿಂದ ಗುಳೆ ಹೋಗುವವರು ಹೊರಡುವ ದಿನವನ್ನೂ ಮುಂಚೆಯೇ ತಿಳಿಸಬೇಕು. ಹೋಗುವ ಊರಿನ ಎಆರ್‌ಟಿ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಬಹುದು. ಸ್ಥಿತಿ ಸ್ಥಿರವಾಗಿರುವವರಿಗೆ ಕೆಲವು ತಿಂಗಳಿಗಾಗುವಷ್ಟು ಮಾತ್ರೆಯನ್ನು ಒಮ್ಮೆಲೇ ಕೊಡುವುದೂ ಉಂಟು. ಹೊಸ ಊರಿನಲ್ಲಿ ಕೇಂದ್ರ ಎಲ್ಲಿದೆ ಎಂದು ತಿಳಿಯಲು 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.